ಬೋರ್ ನೀರಿನ ಊರಲ್ಲಿ ಬಿಳಿ ಯೂನಿಫಾರ್ಮ್ ಬೆಳ್ಳಗೆ ಇಟ್ಟುಕೊಳ್ಳುವುದು ಹೇಗೆ?

ಬಿಳಿಕೋಟು_ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಸ್ಟಾಫ್ ನರ್ಸ್. ನಮ್ಮದು ಬಿಳಿ ಪ್ಯಾಂಟು, ಬಿಳಿ ಟಾಪು, ಮೇಲೊಂದು ಬಿಳಿ ಕೋಟು. ಬಟ್ಟೆ ಟೆರಿಕಾಟ್. ಹೊಸದಿದ್ದಾಗ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತದೆ. ಸ್ವಲ್ಪ ದಿನಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕಾಲರ್ ಮತ್ತು ಕಂಕುಳು ಹಳದಿಯಾಗುತ್ತದೆ.

ನಮ್ಮ ಬಾಡಿಗೆ ಮನೆಯಲ್ಲಿ ನಳದ ನೀರು ಕುಡಿಯಲು, ಅಡುಗೆಗೆ ಸಾಕಾಗುತ್ತದೆ ಅಷ್ಟೇ. ಒಗೆಯುವುದೆಲ್ಲ ಬೋರ್ ನೀರಿನಲ್ಲಿ. ಪೌಡರ್ ಜಾಸ್ತಿ ಹಾಕಿದರೂ ಅಷ್ಟೇ, ದುಬಾರಿ ಪೌಡರ್ ತಂದರೂ ಅಷ್ಟೇ. ಜೊತೆಯವರಲ್ಲಿ ಒಬ್ಬರು ಬ್ಲೀಚ್ ಹಾಕು ಅನ್ನುತ್ತಾರೆ, ಇನ್ನೊಬ್ಬರು ನೀಲಿ ಹಾಕು ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ರೋಗಿಯ ಮನೆಯವರು ಮೊದಲು ನೋಡುವುದು ನಮ್ಮ ಬಟ್ಟೆಯನ್ನೇ. ಮಾಸಿದ ಕೋಟಿನಲ್ಲಿ ಸೂಜಿ ಹಿಡಿದು ನಿಂತರೆ ಅವರಿಗೆ ಧೈರ್ಯ ಹೇಗೆ ಬರಬೇಕು? ಅದಕ್ಕೇ ಕೇಳುತ್ತಿದ್ದೇನೆ. ಇಲ್ಲಿನ ನೀರು, ಇಲ್ಲಿನ ಧೂಳು ಗೊತ್ತಿರುವವರು ಹೇಳಿ.

ಹಾಸ್ಟೆಲ್_ಹುಡುಗಿ_ಬಾಗಲಕೋಟೆ

ನಾನು ಫಾರ್ಮಸಿ ಓದುತ್ತಿದ್ದೇನೆ, ನನ್ನ ಲ್ಯಾಬ್ ಕೋಟಿನದೂ ಇದೇ ಕಥೆ. ಉತ್ತರ ಬಂದರೆ ನಮ್ಮ ಇಡೀ ಹಾಸ್ಟೆಲ್‌ಗೆ ಉಪಯೋಗ.

ಇಸ್ತ್ರಿಅಂಗಡಿ_ದೇವರಹಿಪ್ಪರಗಿ

ತಂಗಿ, ಪೌಡರ್ ಡಬ್ಬಿ ಬದಿಗಿಟ್ಟು ಮೊದಲು ನೀರು ನೋಡು. ಒಂದು ಬಾಟಲಿಗೆ ಅರ್ಧದಷ್ಟು ನಿಮ್ಮ ಬೋರ್ ನೀರು ತುಂಬು. ಮೈಗೆ ಹಚ್ಚುವ ಸೋಪನ್ನು ಸ್ವಲ್ಪ ಹೆರೆದು ಹಾಕು, ಮುಚ್ಚಳ ಹಾಕಿ ಜೋರಾಗಿ ಅಲುಗಾಡಿಸು. ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ನೀರು ಮೆದು. ನೊರೆ ಬಾರದೆ ಒಡೆದ ಹಾಲಿನಂತೆ ಬಿಳಿ ಕರಣೆ ತೇಲಿದರೆ ನೀರು ಗಡಸು. ಆ ಕರಣೆಯೇ ಒಗೆದಾಗಲೆಲ್ಲ ಕೋಟಿನ ಎಳೆಯಲ್ಲಿ ಕೂರುತ್ತದೆ. ಅದರ ಮೇಲೆ ಧೂಳು ಕೂರುತ್ತದೆ. ಬೂದಿ ಬಣ್ಣ ಬರುವುದು ಅಲ್ಲಿಂದ.

ಪೌಡರ್ ಜಾಸ್ತಿ ಹಾಕಿದಷ್ಟೂ ಜಾಲಿಸುವುದು ಜಾಸ್ತಿ ಆಗಬೇಕು. ನಮ್ಮ ಕಡೆ ನೀರಿನ ತಾಪತ್ರಯಕ್ಕೆ ಜನ ಎರಡು ಸಲ ಅದ್ದಿ ಹಿಂಡಿ ತಂತಿಗೆ ಹಾಕುತ್ತಾರೆ. ಪೌಡರ್ ಬಟ್ಟೆಯಲ್ಲೇ ಉಳಿಯುತ್ತದೆ. ನನ್ನ ಹತ್ತಿರ ಇಸ್ತ್ರಿಗೆ ಬಂದಾಗ ನನಗೆ ಕೂಡಲೇ ಗೊತ್ತಾಗುತ್ತದೆ. ಬಿಸಿ ಪೆಟ್ಟಿಗೆ ಇಟ್ಟೊಡನೆ ಸಾಬೂನಿನ ವಾಸನೆ ಏಳುತ್ತದೆ, ಕಾಲರಿನ ಮಡಿಕೆಯಲ್ಲಿ ತೆಳುವಾಗಿ ಹಳದಿ ಮೂಡುತ್ತದೆ. ಗಿರಾಕಿ ಇಸ್ತ್ರಿಯವನು ಸುಟ್ಟ ಅಂತಾರೆ. ಬಟ್ಟೆಯಲ್ಲಿ ಉಳಿದ ಪೌಡರ್ ಸುಟ್ಟದ್ದು ಅದು.

ನಮ್ಮ ಮನೆತನದ್ದು ತಲೆಮಾರುಗಳಿಂದ ಇದೇ ಕಸುಬು. ನಮ್ಮೂರು ಮಡಿವಾಳ ಮಾಚಿದೇವರ ಊರು. 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ಶರಣರ ಬಟ್ಟೆ ಮಡಿ ಮಾಡಿದ ಮಹಾನುಭಾವರು. ನಮ್ಮ ಹಿರಿಯರು ಸವಳು ಮಣ್ಣು ತಂದು ಉಬ್ಬೆ ಹಾಕುತ್ತಿದ್ದರು. ಸವಳು ನೀರಲ್ಲಿ ಬಟ್ಟೆ ನೆನೆಸಿ, ದೊಡ್ಡ ಹಂಡೆಯ ಮೇಲೆ ಒಟ್ಟಿ, ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸುವುದು. ಬೆಳಗ್ಗೆ ಹರಿಯುವ ನೀರಲ್ಲಿ ಕಲ್ಲಿಗೆ ಒಗೆದರೆ ಧೋತರ ಬೆಳ್ಳಗೆ ಹೊಳೆಯುತ್ತಿತ್ತು. ನೀಲಿ ಆಮೇಲಿನ ಮಾತು. ಸವಳಿನ ಖಾರ ಅಂದರೆ ಕ್ಷಾರ, ಬಿಸಿ, ಹರಿಯುವ ನೀರು, ಈ ಮೂರರಿಂದಲೇ ಕೊಳೆ ಬಿಡುತ್ತಿತ್ತು.

ಕೆಮಿಸ್ಟ್ರಿ_ಮಾಸ್ತರ್_ಬಾಗಲಕೋಟೆ

ಕಾಕಾ ಹೇಳಿದ್ದು ಪೂರ್ತಿ ಸರಿ. ಸವಳು ಮಣ್ಣಿನಲ್ಲಿ ಇರುವುದು ಹೆಚ್ಚಾಗಿ ಸೋಡಿಯಂ ಕಾರ್ಬೊನೇಟ್. ಕಿರಾಣಿ ಅಂಗಡಿಯಲ್ಲಿ ಸಿಗುವ ಬಟ್ಟೆ ಸೋಡಾ ಅದೇ. ಅಡುಗೆ ಸೋಡಾ ಬೇರೆ, ಅದನ್ನು ತರಬೇಡಿ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಇರುತ್ತವೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಹೇಳುವುದು ಲೀಟರಿಗೆ 200 ಮಿಲಿಗ್ರಾಂ ಗಡಸುತನ. ಬೇರೆ ನೀರು ಇಲ್ಲದಿದ್ದರೆ 600ರ ತನಕ ಸರಿ. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರೂ ಒಗೆಯಲು ಸಾಕಷ್ಟು ಗಡಸಾಗಿರಬಹುದು. ಸೋಪು ಈ ಲವಣಗಳ ಜೊತೆ ಸೇರಿ ಕರಣೆಯಾಗುತ್ತದೆ. ಡಿಟರ್ಜೆಂಟ್ ಪೌಡರ್ ಅಷ್ಟು ಕರಣೆ ಕಟ್ಟುವುದಿಲ್ಲ, ಆದರೆ ಅದರ ಶಕ್ತಿಯ ಒಂದು ಪಾಲು ಲವಣದ ಜೊತೆಗೇ ಖರ್ಚಾಗುತ್ತದೆ. ಬಟ್ಟೆಯ ಕೊಳೆಗೆ ಉಳಿಯುವುದು ಕಡಿಮೆ.

ಹೀಗೆ ಮಾಡಿ. ರಾತ್ರಿ ದೊಡ್ಡ ಬಕೀಟು ಬೋರ್ ನೀರಿಗೆ ಎರಡು ಚಮಚ ಬಟ್ಟೆ ಸೋಡಾ ಕಲಸಿ ಮುಚ್ಚಿಡಿ. ನೀರು ಗಡಸಿದ್ದರೆ ಬೆಳಗ್ಗೆ ತಳದಲ್ಲಿ ಬಿಳಿ ಹುಡಿ ಕೂತಿರುತ್ತದೆ. ಅದು ಸುಣ್ಣ. ಅಲುಗಾಡಿಸದೆ ಮೇಲಿನ ತಿಳಿ ನೀರನ್ನು ಬೇರೆ ಬಕೀಟಿಗೆ ಬಗ್ಗಿಸಿ, ಅದರಲ್ಲಿ ಪೌಡರ್ ಕರಗಿಸಿ. ಪೌಡರ್ ಅರ್ಧ ಸಾಕು. ಸೋಡಾ ನೀರಿಗೆ ಕೈ ಹಾಕುವಾಗ ಗ್ಲೌಸ್ ಇರಲಿ, ಚರ್ಮ ಒಣಗುತ್ತದೆ.

ಈಗಾಗಲೇ ಬೂದಿಯಾದ ಬಟ್ಟೆಗೆ ಇದರ ಮುಂಚೆ ಇನ್ನೊಂದು ಕೆಲಸ. ಅರ್ಧ ಬಕೀಟು ಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಒಂದು ತಾಸು ನೆನೆಸಿ. ಎಳೆಯಲ್ಲಿ ಕೂತ ಸುಣ್ಣ ಹುಳಿಗೆ ಬಿಡುತ್ತದೆ. ಚೆನ್ನಾಗಿ ಜಾಲಿಸಿ. ಆಮೇಲೆ ಬಿಸಿ ಸೋಡಾ ನೀರಲ್ಲಿ ಪೌಡರ್ ಹಾಕಿ ಒಗೆಯಿರಿ. ಹುಳಿ ಮತ್ತು ಸೋಡಾ ಒಟ್ಟಿಗೆ ಬೇಡ. ಬುರುಬುರು ನೊರೆ ಬರುವುದು ನೋಡಲು ಚೆಂದ, ಆದರೆ ಒಂದು ಇನ್ನೊಂದರ ಶಕ್ತಿಯನ್ನು ಕಳೆಯುತ್ತದೆ.

ಕರಿಕೋಟು_ಬೆಳಗಾವಿ

ಮಾಸ್ತರರೇ, ಇಷ್ಟೆಲ್ಲ ಯಾರಿಗೆ ಪುರುಸೊತ್ತು? ನಾನು ವಕೀಲ. ದಿನಾ ಬಿಳಿ ಅಂಗಿ, ಕೊರಳಿಗೆ ಬಿಳಿ ಬ್ಯಾಂಡ್. ಬೇಸಿಗೆಯಲ್ಲಿ ಕೆಳಹಂತದ ಕೋರ್ಟ್‌ಗಳಲ್ಲಿ ಕರಿಕೋಟು ಕಡ್ಡಾಯವಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ, ಆದರೂ ಅಂಗಿ, ಬ್ಯಾಂಡ್ ಬೆಳ್ಳಗೇ ಇರಬೇಕು. ನಮ್ಮ ಮನೆಯಲ್ಲಿ ಒಂದು ಮುಚ್ಚಳ ಬ್ಲೀಚ್ ಹಾಕುತ್ತಾರೆ, ಕೆಲಸ ಮುಗಿಯಿತು. ಕಾಟನ್ ಬ್ಯಾಂಡ್ ಫಳಫಳ ಹೊಳೆಯುತ್ತದೆ. ಬ್ಲೀಚನ್ನು ಯಾಕೆ ಇಷ್ಟು ದೂರ ಇಡುತ್ತೀರಿ?

ಕೆಮಿಸ್ಟ್ರಿ_ಮಾಸ್ತರ್_ಬಾಗಲಕೋಟೆ

ವಕೀಲರೇ, ನಿಮ್ಮದು ರಕ್ಕಸಕೊಪ್ಪ ಜಲಾಶಯದ ನೀರು, ಹಿಡಕಲ್ ಡ್ಯಾಮಿನ ನೀರು. ಸಿಸ್ಟರ್ ಅವರದು ಭೂಮಿಯ ಆಳದಿಂದ ಎತ್ತಿದ ನೀರು. ಬೋರ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕ್ಲೋರಿನ್ ಬ್ಲೀಚ್ ಅದನ್ನು ತುಕ್ಕು ಮಾಡಿ ಬಟ್ಟೆಯ ಮೇಲೆ ಕೂರಿಸುತ್ತದೆ. ಬೆಳ್ಳಗಾಗಲಿ ಎಂದು ಹಾಕಿದ್ದು ಹಳದಿ ಮಾಡುತ್ತದೆ. ಬಿಳಿ ಪಾತ್ರೆಯಲ್ಲಿ ಬೋರ್ ನೀರು ರಾತ್ರಿ ಇಟ್ಟು ನೋಡಿ. ಬೆಳಗ್ಗೆ ಕೆಂಪು ಛಾಯೆ ಕಂಡರೆ ಆ ನೀರಿಗೆ ಬ್ಲೀಚ್ ತೋರಿಸಲೇಬೇಡಿ.

ಕಂಕುಳ ಹಳದಿಗೂ ಬ್ಲೀಚ್ ಆಗದು. ಅದು ಬೆವರು ಮತ್ತು ಬೆವರು ತಡೆಯಲು ಹಚ್ಚುವ ಸ್ಟಿಕ್‌ನಲ್ಲಿರುವ ಅಲ್ಯೂಮಿನಿಯಂ ಲವಣ ಸೇರಿ ಆಗುವ ಕಲೆ. ಬ್ಲೀಚ್ ಬಿದ್ದರೆ ಇನ್ನೂ ಗಾಢವಾಗುತ್ತದೆ. ಅಲ್ಲಿಗೆ ನಿಂಬೆ ಉಪ್ಪಿನ ನೀರು ಅಥವಾ ಬಿಳಿ ವಿನೆಗರ್ ಹಚ್ಚಿ ಅರ್ಧ ತಾಸು ಬಿಟ್ಟು, ಜಾಲಿಸಿ, ಆಮೇಲೆ ಎನ್ಜೈಮ್ ಇರುವ ಡಿಟರ್ಜೆಂಟ್ ಹಾಕಿ ಬೆಚ್ಚಗಿನ ನೀರಲ್ಲಿ ನೆನೆಸಿ. ಕುದಿಯುವ ನೀರು ಬೇಡ, ಎನ್ಜೈಮ್ ಸಾಯುತ್ತದೆ.

ಸುಕ್ಕು ಬೀಳದ ಅಂಗಿ ಎಂದು ಮಾರುತ್ತಾರಲ್ಲ, ಅವುಗಳ ಮೇಲಿನ ಲೇಪ ಕ್ಲೋರಿನ್ ಹಿಡಿದಿಟ್ಟುಕೊಂಡು ಹಳದಿಯಾಗಬಹುದು. ಎಳೆದರೆ ಹಿಗ್ಗುವ ಬಟ್ಟೆ, ಉಣ್ಣೆ, ರೇಷ್ಮೆಗಂತೂ ಬ್ಲೀಚ್ ಬೇಡವೇ ಬೇಡ. ನಿಮ್ಮ ಕಾಟನ್ ಬ್ಯಾಂಡಿಗೆ, ಮೆದು ನೀರಿನಲ್ಲಿ, ಅಪರೂಪಕ್ಕೊಮ್ಮೆ ಸರಿ. ಹತ್ತು ನಿಮಿಷಕ್ಕಿಂತ ಜಾಸ್ತಿ ನೆನೆಯಲು ಬಿಡಬೇಡಿ.

ಇನ್ನೊಂದು ಮಾತು, ದಯವಿಟ್ಟು ಎಲ್ಲರೂ ಓದಿ. ಬ್ಲೀಚ್ ಜೊತೆ ನಿಂಬೆ ಉಪ್ಪು, ವಿನೆಗರ್, ಕಕ್ಕಸು ತೊಳೆಯುವ ಆಸಿಡ್ ಯಾವುದೂ ಸೇರಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ. ಅಮೋನಿಯಾ ಇರುವ ಗಾಜು ಒರೆಸುವ ದ್ರವದ ಜೊತೆಗೂ ಬ್ಲೀಚ್ ಸೇರಬಾರದು, ಅದರಿಂದಲೂ ವಿಷಾನಿಲ ಏಳುತ್ತದೆ. ಒಂದೇ ಬಟ್ಟೆಗೆ ಬ್ಲೀಚ್, ಹುಳಿ ಎರಡನ್ನೂ ಬಳಸುವುದಿದ್ದರೆ ನಡುವೆ ಬೇರೆ ಬೇರೆ ನೀರಲ್ಲಿ ಚೆನ್ನಾಗಿ ಜಾಲಿಸಿ. ಬೇರೆ ದಿನ ಮಾಡಿದರೆ ಇನ್ನೂ ಒಳ್ಳೆಯದು.

ಕರಿಕೋಟು_ಬೆಳಗಾವಿ

ನೀರಿನ ವ್ಯತ್ಯಾಸ ಒಪ್ಪಿದೆ. ಬ್ಲೀಚ್ ಬಾಟಲಿ ನಮ್ಮ ಮನೆಯಲ್ಲಿ ಬಚ್ಚಲ ಆಸಿಡ್ ಪಕ್ಕದಲ್ಲೇ ಇರುತ್ತದೆ, ಇವತ್ತೇ ಬೇರೆ ಕಡೆ ಇಡಿಸುತ್ತೇನೆ.

ಓಟಿ_ಸಿಸ್ಟರ್_ಬೆಳಗಾವಿ

ಸಿಸ್ಟರ್, ನಾನು ಆಪರೇಷನ್ ಥಿಯೇಟರ್‌ನಲ್ಲಿ ಇರುವವಳು. ನಮ್ಮ ಕೆಲಸದ ಕಲೆಗಳ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ರಕ್ತ ಬಿದ್ದರೆ ತಣ್ಣೀರು, ಕೂಡಲೇ. ಬಿಸಿ ನೀರು ಹಾಕಿದರೆ ರಕ್ತದ ಪ್ರೋಟೀನ್ ಎಳೆಯಲ್ಲೇ ಗಟ್ಟಿಯಾಗಿ ಕಂದು ಗುರುತು ಉಳಿಯುತ್ತದೆ. ಒಣಗಿದ್ದರೆ ಹೈಡ್ರೋಜನ್ ಪೆರಾಕ್ಸೈಡ್. ಔಷಧಿ ಅಂಗಡಿಯಲ್ಲಿ 6 ಪರ್ಸೆಂಟಿನದು ಸಿಗುತ್ತದೆ. ಅಷ್ಟೇ ನೀರು ಸೇರಿಸಿ ಹನಿ ಹನಿ ಬಿಡಿ. ಬಿಳಿ ನೊರೆ ಉಕ್ಕುತ್ತದೆ, ಒತ್ತಿ ಒರೆಸಿ, ಮತ್ತೆ ಬಿಡಿ. ಉಜ್ಜಬೇಡಿ.

ಬೆಟಾಡಿನ್ ಕಲೆಗೆ ವಿಟಮಿನ್ ಸಿ. ಬಣ್ಣ ಇಲ್ಲದ ಗುಳಿಗೆ ಸಿಕ್ಕರೆ ಒಳ್ಳೆಯದು, ಕಿತ್ತಳೆ ಬಣ್ಣದ್ದು ಬೇಡ. ಪುಡಿ ಮಾಡಿ ಅರ್ಧ ಕಪ್ ನೀರಲ್ಲಿ ಕರಗಿಸಿ, ಚಮಚದಿಂದ ಕಲೆಯ ಮೇಲೆ ಬಿಡಿ. ಕಂದು ಬಣ್ಣ ನೋಡನೋಡುತ್ತಲೇ ಅಂಚಿನಿಂದ ಒಳಗೆ ಕರಗುತ್ತಾ ಹೋಗಿ ಬಿಳಿಯಾಗುತ್ತದೆ. ಬೆಟಾಡಿನ್‌ನಲ್ಲಿರುವ ಅಯೋಡಿನ್‌ಗೆ ಬಣ್ಣ ಇದೆ, ಅದು ಅಯೋಡೈಡ್ ಆದರೆ ಬಣ್ಣ ಇಲ್ಲ. ಗಂಜಿ ಹಾಕಿದ ಕೋಟಿನ ಮೇಲೆ ಬೆಟಾಡಿನ್ ಬಿದ್ದರೆ ಕಂದು ಬದಲು ಕಡು ನೀಲಿ, ಕಪ್ಪು ಕಾಣುತ್ತದೆ. ಬೇರೇನೋ ಬಿದ್ದಿದೆ ಎಂದು ಗಾಬರಿಯಾಗಬೇಡಿ, ಅದು ಗಂಜಿ ಮತ್ತು ಅಯೋಡಿನ್ ಸೇರಿದ ಬಣ್ಣ. ಔಷಧ ಅದೇ.

ಎಲ್ಲಕ್ಕಿಂತ ಮುಖ್ಯ ಕ್ಲೋರ್‌ಹೆಕ್ಸಿಡಿನ್. ಕೈ ತೊಳೆಯುವ ಗುಲಾಬಿ ದ್ರವದಲ್ಲಿ ಇರುತ್ತದಲ್ಲ, ಅದು. ತೋಳಿನ ಅಂಚಿಗೆ ತಾಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಅದರ ಮೇಲೆ ಕ್ಲೋರಿನ್ ಬ್ಲೀಚ್ ಬಿದ್ದರೆ ಕಂದು ಕಲೆ ಏಳುತ್ತದೆ, ಮತ್ತೆ ಹೋಗುವುದೇ ಇಲ್ಲ. ಎಷ್ಟೋ ಜನ ಅದನ್ನು ಬೋರ್ ನೀರಿನ ತುಕ್ಕು ಎಂದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಇರುವವರ ಕೋಟಿಗೆ ಕ್ಲೋರಿನ್ ಬ್ಲೀಚ್ ಬೇಡ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಬಿಳಿ ಮಾಡಲೇಬೇಕೆಂದರೆ ಆಕ್ಸಿಜನ್ ಬ್ಲೀಚ್ ತಗೊಳ್ಳಿ. ಡಬ್ಬಿಯ ಮೇಲೆ ಸೋಡಿಯಂ ಪರ್‌ಕಾರ್ಬೊನೇಟ್ ಎಂದು ಬರೆದಿರುತ್ತದೆ. ಬಿಸಿ ನೀರಲ್ಲಿ ಕರಗಿಸಿದರೆ ಕೆಲಸ ಮಾಡುತ್ತದೆ, ತಣ್ಣೀರಲ್ಲಿ ನಿಧಾನ. ಕರಗಿದಾಗ ಸೋಡಾ ಮತ್ತು ಪೆರಾಕ್ಸೈಡ್ ಎರಡೂ ಬಿಡುತ್ತದೆ, ಹಾಗಾಗಿ ಗಡಸು ನೀರಿಗೂ ಒಗ್ಗುತ್ತದೆ.

ಡ್ಯೂಟಿ ಕೋಟನ್ನು ಮನೆಯವರ ಬಟ್ಟೆ ಜೊತೆ ಸೇರಿಸಬೇಡಿ. ಅಲ್ಲೇ ಕಳಚಿ ಚೀಲದಲ್ಲಿ ಹಾಕಿಕೊಂಡು ಬನ್ನಿ, ಒಗೆಯುವ ಮುಂಚೆ ಝಾಡಿಸಬೇಡಿ. ದೊಡ್ಡ ಲಾಂಡ್ರಿಗಳಲ್ಲಿ ಆಸ್ಪತ್ರೆ ಬಟ್ಟೆಯನ್ನು 71 ಡಿಗ್ರಿ ಬಿಸಿಯಲ್ಲಿ 25 ನಿಮಿಷ ಒಗೆಯುತ್ತಾರೆ. ಮನೆಯಲ್ಲಿ ಅಷ್ಟು ಆಗದಿದ್ದರೆ ಆದಷ್ಟು ಬಿಸಿ ನೀರು, ಡಿಟರ್ಜೆಂಟ್, ಬಿಸಿಲು, ಇಸ್ತ್ರಿ.

ಬಿಳಿಕೋಟು_ವಿಜಯಪುರ

ಅಕ್ಕಾ, ಕ್ಲೋರ್‌ಹೆಕ್ಸಿಡಿನ್ ವಿಷಯ ನಮ್ಮ ವಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಒಂದು ಕೋಟಿನ ತೋಳಿನ ತುದಿಯಲ್ಲಿ ಕಂದು ಚುಕ್ಕೆ ಇವೆ, ಸರಿಯಾಗಿ ಕೈ ತೊಳೆಯುವ ಜಾಗದಲ್ಲೇ. ಎಲ್ಲರಿಗೂ ತೋರಿಸಿದೆ. ಕಾಕಾ ಹೇಳಿದ ಬಾಟಲಿ ಪರೀಕ್ಷೆಯನ್ನೂ ಮಾಡಿದೆ. ನೊರೆ ನಿಲ್ಲಲೇ ಇಲ್ಲ, ಮೇಲೆ ಬಿಳಿ ಕರಣೆ. ನಳದ ನೀರಲ್ಲಿ ಮಾಡಿದರೆ ನೊರೆ ಚೆನ್ನಾಗಿ ನಿಂತಿತು.

ಈಗ ಒಂದು ಸಂಶಯ. ಟೆರಿಕಾಟಿಗೆ ಬಿಸಿ ನೀರು ಆಗುತ್ತದಾ? ನೀಲಿಯ ಬಗ್ಗೆ ಯಾರೂ ಹೇಳಲಿಲ್ಲ.

ನೂಲು_ಬನಹಟ್ಟಿ

ನಾನು ಬಟ್ಟೆ ಬಿಳುಪು ಮಾಡುವ ಕಡೆ ಕೆಲಸ ಮಾಡುವವನು, ಇದಕ್ಕೆ ನಾನು ಹೇಳಬಹುದು.

ಹತ್ತಿ ಬಟ್ಟೆ ಹುಟ್ಟಿನಿಂದ ಬೆಳ್ಳಗಿರುವುದಿಲ್ಲ. ನಮ್ಮ ರಬಕವಿ, ಬನಹಟ್ಟಿಯ ಮಗ್ಗದಿಂದ ಇಳಿದ ಬಟ್ಟೆ ನೋಡಿ, ಕೆನೆ ಬಣ್ಣ ಇರುತ್ತದೆ. ಹತ್ತಿಯ ಎಳೆಯ ಮೇಲೆ ಮೇಣದಂಥ ಅಂಶ ಇರುತ್ತದೆ, ಮಗ್ಗದ ಹಾಸು ನೂಲಿಗೆ ಹಚ್ಚಿದ ಗಂಜಿ ಇರುತ್ತದೆ. ಗಂಜಿ ತೆಗೆದು, ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಪೆರಾಕ್ಸೈಡ್‌ನಲ್ಲಿ ಬಿಳುಪು ಮಾಡಿದ ಮೇಲೆಯೇ ಬಿಳಿ. ನಮ್ಮ ಜಿಲ್ಲೆಯ ತುಳಸಿಗೇರಿಯಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ. ಅದು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಬಿಳುಪಾಗಿ, ಬಣ್ಣ ಹತ್ತಿ, ಧ್ವಜವಾಗುತ್ತದೆ. ಧ್ವಜದ ನಡುವಿನ ಬಿಳಿ ಪಟ್ಟಿಯೂ ಹೀಗೆ ಮಾಡಿದ ಬಿಳಿಯೇ.

ಮೇಲೆ ಇನ್ನೊಂದು ಸೇರಿಸುತ್ತಾರೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಬಿಡುವ ರಾಸಾಯನಿಕ. ಹೊಸ ಯೂನಿಫಾರ್ಮ್ ಕಣ್ಣು ಕುಕ್ಕುವುದು ಅದರಿಂದಲೇ. ಒಗೆದಂತೆ ಅದು ಹೋಗುತ್ತದೆ, ಕ್ಲೋರಿನ್ ಮತ್ತು ಕಡು ಬಿಸಿಲಿಗೆ ಬೇಗ ಕೆಡುತ್ತದೆ. ಒಳ್ಳೆಯ ಡಿಟರ್ಜೆಂಟ್‌ಗಳಲ್ಲಿ ಅದನ್ನೇ ಸ್ವಲ್ಪ ಹಾಕಿರುತ್ತಾರೆ. ಹಾಗಾಗಿ ಸಿಸ್ಟರ್, ಹೊಸದರ ಹೊಳಪು ಪೂರ್ತಿ ವಾಪಸ್ ಬರುತ್ತದೆ ಎಂದು ನಾನು ಹೇಳಲಾರೆ. ಸ್ವಚ್ಛ ಬಿಳಿ ಖಂಡಿತ ಬರುತ್ತದೆ.

ಟೆರಿಕಾಟ್‌ನಲ್ಲಿ ಪಾಲಿಯೆಸ್ಟರ್ ಇರುತ್ತದೆ. ಕೈಗೆ ತಡೆಯುವುದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಪರವಾಗಿಲ್ಲ. ಕುದಿಸಿದರೆ ಬಿದ್ದ ಸುಕ್ಕು ಹಾಗೇ ನಿಂತುಬಿಡುತ್ತದೆ. ಪಾಲಿಯೆಸ್ಟರ್ ಎಣ್ಣೆ, ಜಿಡ್ಡನ್ನು ಗಟ್ಟಿಯಾಗಿ ಹಿಡಿಯುತ್ತದೆ. ಒಗೆಯುವ ನೀರಿನಲ್ಲಿ ಬಿಟ್ಟ ಬಣ್ಣ, ಕೊಳೆಯನ್ನೂ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಬಿಳಿ ಕೋಟಿನ ಜೊತೆ ತಿಳಿ ಬಣ್ಣದ ಬಟ್ಟೆಯನ್ನೂ ಹಾಕಬೇಡಿ. ಮಷಿನ್ ಇದ್ದರೆ ಅದನ್ನು ಅರ್ಧ ಮುಕ್ಕಾಲು ತುಂಬಿಸಿ ಸಾಕು. ಕಿಕ್ಕಿರಿದರೆ ಕೊಳೆ ನೀರಿಗೆ ಬಿಟ್ಟು ಮತ್ತೆ ಬಟ್ಟೆಗೇ ಕೂರುತ್ತದೆ.

ನೀಲಿ ಕೊಳೆ ತೆಗೆಯುವುದಿಲ್ಲ, ಹಳದಿಯನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಸ್ವಚ್ಛವಾದ ಕಾಟನ್ ಧೋತರಕ್ಕೆ ನೀಲಿ ಚೆಂದ. ಬೂದಿಯಾದ ಬಟ್ಟೆಗೆ ಹಾಕಿದರೆ ಇನ್ನೂ ಮಂಕಾಗುತ್ತದೆ. ಹಾಕುವುದಿದ್ದರೆ ಕೊನೆಯ ನೀರಿಗೆ, ಮೊದಲೇ ಕಲಸಿ. ಬಟ್ಟೆಯ ಮೇಲೆ ನೇರ ಸುರಿದರೆ ಮಚ್ಚೆ ಬೀಳುತ್ತದೆ.

ಇಸ್ತ್ರಿಅಂಗಡಿ_ದೇವರಹಿಪ್ಪರಗಿ

ನೀಲಿಯ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮ ಕಡೆ ಹಿರಿಯರ ಧೋತರ, ನೆಹರೂ ಶರ್ಟಿಗೆ ನೀಲಿ ಇಲ್ಲದಿದ್ದರೆ ಅವರಿಗೆ ಸಮಾಧಾನ ಆಗುವುದಿಲ್ಲ. ಬಿಸಿಲಲ್ಲಿ ನಡೆದು ಬಂದರೆ ಆ ತೆಳು ನೀಲಿಯೇ ಒಂದು ಘನತೆ. ಆದರೆ ಟೆರಿಕಾಟಿಗೆ ನೀಲಿ ಹಿಡಿಯುವುದಿಲ್ಲ, ಅದೂ ನಿಜ.

ಖಾನಾವಳಿ_ಜಮಖಂಡಿ

ನಮ್ಮ ಖಾನಾವಳಿಯಲ್ಲಿ ಬಡಿಸುವ ಹುಡುಗರಿಗೆ ಬಿಳಿ ಅಂಗಿ, ಒಲೆಯ ಹತ್ತಿರ ನಿಲ್ಲುವವರಿಗೆ ಬಿಳಿ ಏಪ್ರನ್. ನಮ್ಮ ಶತ್ರು ಅರಿಶಿನ ಮತ್ತು ಎಣ್ಣೆ. ಪಲ್ಯದ ಎಣ್ಣೆ, ಶೇಂಗಾ ಹಿಂಡಿಯ ಎಣ್ಣೆ, ಎಣ್ಣೆಗಾಯಿ ರಸ, ಎಲ್ಲ ಎದೆಯ ಮೇಲೆಯೇ ಬೀಳುತ್ತದೆ.

ಎಣ್ಣೆ ಕಲೆಗೆ ನೀರು ಮುಟ್ಟಿಸುವ ಮುಂಚೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಚ್ಚಿ ಬೆರಳಲ್ಲಿ ತಿಕ್ಕಿ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ಬಿಸಿ ನೀರು.

ಅರಿಶಿನದ ಮೇಲೆ ಸೋಪು ಹಚ್ಚಿದರೆ ರಕ್ತದ ಹಾಗೆ ಕೆಂಪಾಗುತ್ತದೆ. ಹೊಸ ಹುಡುಗರು ಹೆದರಿ ಇನ್ನೂ ಜೋರಾಗಿ ತಿಕ್ಕುತ್ತಾರೆ. ಅರಿಶಿನಕ್ಕೆ ಸೋಪಿನಂಥ ಕ್ಷಾರದ ಗುಣದ್ದು ತಾಗಿದಾಗ ಬರುವ ಬಣ್ಣ ಅದು, ಜಾಲಿಸಿದರೆ ಮತ್ತೆ ಹಳದಿ. ಅರಿಶಿನಕ್ಕೆ ನಿಜವಾದ ಔಷಧ ಬಿಸಿಲು. ಒಗೆದು, ಕಲೆಯ ಜಾಗ ಮೇಲೆ ಬರುವ ಹಾಗೆ ಹಸಿಯಾಗಿಯೇ ಬಿಸಿಲಿಗೆ ಹರಡಿ. ಒಣಗಿದರೆ ನೀರು ಚಿಮುಕಿಸಿ. ಸಂಜೆಯೊಳಗೆ ಹಳದಿ ಇಳಿದಿರುತ್ತದೆ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೋಗಿ ಬಂದವರ ಬಿಳಿ ಬಟ್ಟೆಗೆ ಹತ್ತಿದ ಭಂಡಾರದ ಅರಿಶಿನವೂ ಹೀಗೇ ಹೋಗುತ್ತದೆ. ಆದರೆ ಮೊದಲು ಒಣಗಿದ ಪುಡಿಯನ್ನು ಝಾಡಿಸಿ ತೆಗೆಯಬೇಕು, ಒದ್ದೆ ಕೈ ತಾಗಿಸಬಾರದು.

ಹಾಸ್ಟೆಲ್_ಹುಡುಗಿ_ಬಾಗಲಕೋಟೆ

ಬನಹಟ್ಟಿ ಅಣ್ಣ ಕಡು ಬಿಸಿಲು ಬೇಡ ಅನ್ನುತ್ತಾರೆ, ನೀವು ಬಿಸಿಲೇ ಔಷಧ ಅನ್ನುತ್ತೀರಿ. ಯಾವುದು ಸರಿ?

ನೂಲು_ಬನಹಟ್ಟಿ

ಎರಡೂ ಸರಿ ತಂಗಿ. ಶುದ್ಧ ಕಾಟನ್ ಆಗಿದ್ದರೆ ಬಿಸಿಲಿಗೆ ಹಾಕು, ಅರಿಶಿನದ ಕಲೆ ಇದ್ದರಂತೂ ಹಾಕಲೇಬೇಕು. ಟೆರಿಕಾಟ್ ಲ್ಯಾಬ್ ಕೋಟನ್ನು ಒಳಮೈ ಹೊರಗೆ ಮಾಡಿ ಹಾಕಿ, ಒಣಗಿದ ಕೂಡಲೇ ತೆಗೆದುಕೊ. ನಮ್ಮ ಬೇಸಿಗೆಯಲ್ಲಿ ಒಣಗಲು ಎಷ್ಟು ಹೊತ್ತು ಬೇಕು? ದಿನವಿಡೀ ಮಾಳಿಗೆ ಮೇಲೆ ಬಿಡಬಾರದು ಅಷ್ಟೇ. ಒಳಮೈ ಹೊರಗಿದ್ದರೆ ಗಾಳಿಯ ಧೂಳೂ ಒಳಗೇ ಕೂರುತ್ತದೆ, ಮೇಲೆ ಕಾಣುವುದಿಲ್ಲ.

ಸಕ್ಕರೆಲ್ಯಾಬ್_ಮುಧೋಳ

ಧೂಳಿನ ಮಾತು ಬಂತಲ್ಲ, ನಮ್ಮ ಸಕ್ಕರೆ ಕಾರ್ಖಾನೆಗಳ ಊರಿನದ್ದು ಬೇರೆ ಥರ. ಕಬ್ಬು ಅರೆಯುವ ಹಂಗಾಮಿನಲ್ಲಿ ಬಾಯ್ಲರ್ ಚಿಮಣಿಯಿಂದ ಸಿಪ್ಪೆ ಸುಟ್ಟ ಬೂದಿ ಹಾರಿ ಬಂದು ಬಟ್ಟೆ ಮೇಲೆ ಕೂರುತ್ತದೆ. ಕರಿ ಚುಕ್ಕೆ ಕಂಡ ಕೂಡಲೇ ಕೈಯಿಂದ ಒರೆಸುವ ಅಭ್ಯಾಸ ಎಲ್ಲರಿಗೂ. ಒರೆಸಿದರೆ ಮಸಿಯ ಗೆರೆ ಎಳೆದ ಹಾಗೆಯೇ. ಊದಿ ಅಥವಾ ಝಾಡಿಸಿ ಬೀಳಿಸಿ.

ಲ್ಯಾಬಿನಲ್ಲಿ ಕಬ್ಬಿನ ರಸ, ಪಾಕ ಕೋಟಿಗೆ ಸಿಡಿಯುತ್ತದೆ. ತಿಳಿಯಾದ ಪಾಕ ಒಣಗಿದರೆ ಕಾಣುವುದಿಲ್ಲ. ಒಗೆಯದೆ ಇಸ್ತ್ರಿ ಮಾಡಿದರೆ ಸಕ್ಕರೆ ಕಾದು ಕಂದು ಕಲೆ ಏಳುತ್ತದೆ. ಹಾಗಾಗಿ ಕಾಣಲಿ ಬಿಡಲಿ, ಬೆಚ್ಚಗಿನ ನೀರಲ್ಲಿ ಒಮ್ಮೆ ಅದ್ದಿ ತೆಗೆಯುವುದು ನಮ್ಮಲ್ಲಿ ರೂಢಿ. ಚಹಾದ ಕಲೆಗೂ ಇದೇ, ಸಕ್ಕರೆ ಹಾಕಿದ ಚಹಾ ಅಲ್ವಾ ನಮ್ಮದು. ಬಾಲ್ ಪೆನ್ನಿನ ಕಲೆಗೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್. ಅಡಿಗೆ ಹಳೆ ಬಟ್ಟೆ ಇಟ್ಟುಕೊಂಡು ಮೇಲಿನಿಂದ ಒತ್ತಿ, ಇಲ್ಲದಿದ್ದರೆ ಇಂಕು ಜೇಬಿನ ಹಿಂದಕ್ಕೂ ಹರಡುತ್ತದೆ.

ಎರೆಹೊಲ_ತಾಳಿಕೋಟೆ

ಅಕ್ಕಂದಿರೇ, ನಮ್ಮ ಮಾವನವರು ಈಗಲೂ ಹೊಲಕ್ಕೆ ಬಿಳಿ ಧೋತರ ಉಟ್ಟೇ ಹೋಗುತ್ತಾರೆ. ಅವರಿಗೆ ಅದೇ ಕೆಲಸದ ಬಟ್ಟೆ. ನಮ್ಮದು ಡೋಣಿ ಹೊಳೆ ದಂಡೆಯ ಕರಿ ಎರೆ ಮಣ್ಣು. ಮಳೆ ಬಿದ್ದ ಮರುದಿನ ಹೊಲಕ್ಕೆ ಹೋಗಿ ಬಂದರೆ ಧೋತರದ ಅಂಚು ಮೊಣಕಾಲ ತನಕ ಕರ್ರಗೆ.

ಎರೆ ಮಣ್ಣು ಹಸಿ ಇರುವಾಗ ಮುಟ್ಟಲೇಬಾರದು. ಅದು ತೀರಾ ನುಣ್ಣನೆಯ ಜಿಗುಟು ಮಣ್ಣು, ನೀರು ಕುಡಿದು ಉಬ್ಬುತ್ತದೆ, ತಿಕ್ಕಿದಷ್ಟೂ ಎಳೆಯೊಳಗೆ ಹೋಗುತ್ತದೆ. ನಮ್ಮತ್ತೆ ಕಲಿಸಿದ ಪದ್ಧತಿ ಹೇಳುತ್ತೇನೆ. ಧೋತರವನ್ನು ಗಳುವಿನ ಮೇಲೆ ಹಾಕಿ ಪೂರ್ತಿ ಒಣಗಲು ಬಿಡುವುದು. ಒಣಗಿದಾಗ ಮಣ್ಣು ಹೆಕ್ಕಳಿಕೆಯಾಗಿ ಬಿರಿಯುತ್ತದೆ. ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಂದಕ್ಕೊಂದು ಉಜ್ಜಿ ಝಾಡಿಸಿದರೆ ಮುಕ್ಕಾಲು ಪಾಲು ಉದುರುತ್ತದೆ. ಉಳಿದದ್ದಕ್ಕೆ ಮೆತ್ತನೆ ಬ್ರಷ್. ಆಮೇಲೆ ಸಾಬೂನಿಲ್ಲದ ಬರೀ ನೀರಲ್ಲಿ ಅದ್ದಿ ಅದ್ದಿ ತೆಗೆಯುವುದು, ನೀರು ತಿಳಿಯಾಗುವ ತನಕ. ಅಲ್ಲಿಯವರೆಗೆ ಸಾಬೂನಿನ ಹೆಸರೆತ್ತಬಾರದು. ಕೊನೆಗೆ ಸೋಡಾ, ಸಾಬೂನು, ಬಿಸಿ ನೀರು. ಮಡಿಸಿಟ್ಟರೆ ಅದು ಹೊಲಕ್ಕೆ ಹೋಗಿ ಬಂದ ಧೋತರ ಅಂತ ಯಾರೂ ಹೇಳುವುದಿಲ್ಲ. ಮಾವನವರು ಸಂತೆಗೂ ಅದನ್ನೇ ಉಟ್ಟು ಹೋಗುತ್ತಾರೆ.

ಡೋಣಿ ನೀರು ಉಪ್ಪು, ಅದರಲ್ಲಿ ನಾವು ಒಗೆಯುವುದಿಲ್ಲ. ಮಳೆಗಾಲದಲ್ಲಿ ಮಾಳಿಗೆ ನೀರು ಹಿಡಿದಿಟ್ಟು ಬಿಳಿ ಅರಿವೆಗೆಂದೇ ಇಡುತ್ತೇವೆ. ಮಳೆ ನೀರಲ್ಲಿ ಸ್ವಲ್ಪವೇ ಸಾಬೂನು ಸಾಕಾಗುತ್ತದೆ.

ಕೆಮಿಸ್ಟ್ರಿ_ಮಾಸ್ತರ್_ಬಾಗಲಕೋಟೆ

ತಾಳಿಕೋಟೆಯ ತಂಗಿ ಹೇಳಿದ ಕೊನೆಯ ಮಾತನ್ನು ಗಟ್ಟಿ ಹಿಡಿಯಿರಿ. ಮಳೆ ನೀರಲ್ಲಿ ಸುಣ್ಣದ ಅಂಶ ಇರುವುದೇ ಇಲ್ಲ ಅನ್ನಬಹುದು. ಎಲ್ಲ ಒಗೆತಕ್ಕೂ ಸಾಲದಿದ್ದರೆ ಬಿಳಿ ಬಟ್ಟೆಯ ಕೊನೆಯ ಜಾಲಿಸುವಿಕೆಗೆ ಮಾತ್ರ ಒಂದು ಬಕೀಟು ಮಳೆ ನೀರು ಅಥವಾ ನಳದ ನೀರು ಎತ್ತಿಡಿ. ಎಳೆಯಲ್ಲಿ ಉಳಿಯುವುದು ಕೊನೆಯ ನೀರೇ.

ಖಾನಾಪುರ_ಅಂಗನವಾಡಿ

ನಮ್ಮದು ನಿಮ್ಮೆಲ್ಲರ ಉಲ್ಟಾ. ಮಳೆ ನೀರಿಗೆ ಬರವೇ ಇಲ್ಲ, ಒಣಗಿಸುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಕಾಣುವುದು ಅಪರೂಪ. ನನ್ನ ತಮ್ಮ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ. ಅವನ ಬಿಳಿ ಅಂಗಿಯ ಮೇಲೆ ಕರಿ ಕರಿ ಸಣ್ಣ ಚುಕ್ಕೆ ಬಿದ್ದಿವೆ, ಎಷ್ಟು ಒಗೆದರೂ ಹೋಗುತ್ತಿಲ್ಲ. ವಾಸನೆಯೂ ಇದೆ.

ಓಟಿ_ಸಿಸ್ಟರ್_ಬೆಳಗಾವಿ

ಅದು ಬೂಷ್ಟು ಅಕ್ಕಾ. ಬೆಳಗಾವಿಯಲ್ಲೂ ಮಳೆಗಾಲದಲ್ಲಿ ಇದೇ ಪಾಡು. ಕಾಟನ್ ಅಂಗಿ ಆಗಿದ್ದರೆ ಬಿಸಿ ನೀರಲ್ಲಿ ಆಕ್ಸಿಜನ್ ಬ್ಲೀಚ್ ಕರಗಿಸಿ ರಾತ್ರಿಯಿಡೀ ನೆನೆಸಿ. ಆಗಲೂ ಹೋಗದಿದ್ದರೆ ಕಾಟನ್ನಿಗೆ ಮಾತ್ರ ಕ್ಲೋರಿನ್ ಬ್ಲೀಚ್, ಹತ್ತು ಲೀಟರ್ ನೀರಿಗೆ ಎರಡು ಚಮಚ, ಹತ್ತು ನಿಮಿಷ. ನಿಮ್ಮದು ಮಳೆ ನೀರು, ಕಬ್ಬಿಣದ ಭಯ ಇಲ್ಲ. ಬ್ಲೀಚಿಂಗ್ ಪೌಡರ್ ಇದ್ದರೆ ಮೊದಲು ನೀರಲ್ಲಿ ಕಲಸಿ ತಳ ಕೂರಲು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿ. ಹರಳು ಬಟ್ಟೆ ಮೇಲೆ ಕೂತರೆ ತೂತು ಬೀಳುತ್ತದೆ.

ಇನ್ನು ಮುಂದೆ ಬೀಳದಂತೆ ನೋಡಿಕೊಳ್ಳುವುದು ಮುಖ್ಯ. ಬೆವರಿನ ಅಂಗಿಯನ್ನು ಬುಟ್ಟಿಯಲ್ಲಿ ಒಟ್ಟಬೇಡಿ, ಒಗೆಯುವ ತನಕ ಗಾಳಿಗೆ ತೂಗು ಹಾಕಿ. ಒಗೆದ ಮೇಲೆ ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿ ಹಿಂಡಿ, ಫ್ಯಾನ್ ಕೆಳಗೆ ಒಂದಕ್ಕೊಂದು ತಾಗದಂತೆ ಹಾಕಿ. ಹಸಿ ಆರದ ಬಟ್ಟೆಯನ್ನು ಇಸ್ತ್ರಿ ಮಾಡಿ ಮಡಿಸಿಡುತ್ತಾರಲ್ಲ, ಬೂಷ್ಟು ಶುರುವಾಗುವುದು ಅಲ್ಲೇ. ಇಸ್ತ್ರಿ ಆದ ಮೇಲೂ ಒಂದು ತಾಸು ಹ್ಯಾಂಗರ್‌ನಲ್ಲಿ ಬಿಡಿ.

ಬಿಳಿಕೋಟು_ವಿಜಯಪುರ

ಮಾಸ್ತರರೇ, ರಾತ್ರಿ ಸೋಡಾ ಹಾಕಿಟ್ಟ ಬಕೀಟಿನ ತಳದಲ್ಲಿ ನಿಜಕ್ಕೂ ಬಿಳಿ ಹುಡಿ ಕೂತಿತ್ತು, ಬೆರಳಿಗೆ ಹತ್ತುವಷ್ಟು. ನಿಂಬೆ ಉಪ್ಪು, ಆಮೇಲೆ ಬಿಸಿ ಸೋಡಾ ನೀರು, ಕೊನೆಗೆ ನಳದ ನೀರಲ್ಲಿ ಜಾಲಿಸಿದೆ. ಒಂದು ಕೋಟನ್ನು ಹಾಗೆ ಮಾಡಿ, ಮಾಡದ ಕೋಟಿನ ಪಕ್ಕ ತೂಗು ಹಾಕಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕಂಕುಳ ಹಳದಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮತ್ತೆ ಮಾಡಬಹುದಾ, ಬಟ್ಟೆ ಹಾಳಾಗುತ್ತದಾ?

ಕೆಮಿಸ್ಟ್ರಿ_ಮಾಸ್ತರ್_ಬಾಗಲಕೋಟೆ

ಹಳೆಯ ಹಳದಿ ಒಂದೇ ಸಲಕ್ಕೆ ಬಿಡುವುದಿಲ್ಲ ಸಿಸ್ಟರ್. ವಾರ ಬಿಟ್ಟು ಮತ್ತೆ ಮಾಡಿ. ಆ ಜಾಗಕ್ಕೆ ಮಾತ್ರ ಮಾಡಿ, ಇಡೀ ಕೋಟು ನೆನೆಸುವುದು ಬೇಡ. ಹುಳಿ ನೀರಲ್ಲಿ ಬಟ್ಟೆ ಒಣಗಲು ಬಿಡಬಾರದು, ಒದ್ದೆ ಇರುವಾಗಲೇ ಜಾಲಿಸಿಬಿಡಿ. ಸ್ಟಿಕ್ ಹಚ್ಚಿದರೆ ಅದು ಪೂರ್ತಿ ಒಣಗಿದ ಮೇಲೆ ಟಾಪು ಹಾಕಿಕೊಳ್ಳಿ, ಅಲ್ಲಿಗೆ ಅರ್ಧ ಕಲೆ ತಪ್ಪುತ್ತದೆ.

ಹಾಸ್ಟೆಲ್_ಹುಡುಗಿ_ಬಾಗಲಕೋಟೆ

ಬಟ್ಟೆ ಸೋಡಾ ಎಲ್ಲಿ ಸಿಗುತ್ತದೆ? ಇಲ್ಲಿನ ದೊಡ್ಡ ಮಾರ್ಟ್‌ಗಳಲ್ಲಿ ಕೇಳಿದರೆ ಅಡುಗೆ ಸೋಡಾ ಕೊಡುತ್ತಾರೆ.

ಇಸ್ತ್ರಿಅಂಗಡಿ_ದೇವರಹಿಪ್ಪರಗಿ

ಮಾರ್ಟ್ ಬಿಡು ತಂಗಿ. ಹಳೆ ಪೇಟೆಯ ಕಿರಾಣಿ ಅಂಗಡಿಯಲ್ಲಿ ಬಟ್ಟೆ ಒಗೆಯುವ ಸೋಡಾ ಕೊಡಿ ಎಂದು ಕೇಳು, ಬಿಡಿಯಾಗಿ ತೂಗಿ ಕೊಡುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು ಬರೆದು, ಅಡುಗೆ ಸಾಮಾನಿನಿಂದ ದೂರ ಇಡು. ನೋಡಲು ಉಪ್ಪಿನ ಥರವೇ ಇರುತ್ತದೆ, ಹಾಸ್ಟೆಲ್‌ನಲ್ಲಿ ಯಾರಾದರೂ ಗೊತ್ತಿಲ್ಲದೆ ಬಾಯಿಗೆ ಹಾಕಿಕೊಂಡಾರು.